ಓಡಿಬಂದ ಕಥೆ ಇಲ್ಲಿ ಯಾರೂ ಕೇಳುವುದಿಲ್ಲ

ಮ್ಯಾಂಚೆಸ್ಟರ್‌ನಲ್ಲಿ ಶನಿವಾರ ಒಂದು ಗುಂಪು ಸೇರುತ್ತದೆ. ಚಿತ್ರ, ಹಾಡು, ಸ್ವಲ್ಪ ನಾಟಕ. ಸುಡಾನ್, ಎರಿಟ್ರಿಯಾ, ಅಫ್ಘಾನಿಸ್ತಾನದಿಂದ ಒಬ್ಬೊಬ್ಬರೇ ಬಂದು ಆಶ್ರಯ ಕೇಳಿರುವ ಹುಡುಗ ಹುಡುಗಿಯರು. ಅಪ್ಪ ಅಮ್ಮ ಜೊತೆಗಿಲ್ಲ. 18 ತುಂಬುವ ತನಕ ಇಲ್ಲಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಅವರನ್ನು ನೋಡಿಕೊಳ್ಳುತ್ತದೆ. ನಾನು ಅಲ್ಲಿ ಬಣ್ಣ ಕಲಸಿಕೊಡುವ, ಚಹಾ ಮಾಡಿಕೊಡುವ ಸ್ವಯಂಸೇವಕಿ.

ನೀನು ಹೇಗೆ ಬಂದೆ ಅಂತ ಇಲ್ಲಿ ಯಾರೂ ಕೇಳುವ ಹಾಗಿಲ್ಲ. ಆ ಪ್ರಶ್ನೆ ಕೇಳಿ ಕೇಳಿ ಮಕ್ಕಳಿಗೆ ಸಾಕಾಗಿದೆ. ಬಂದಿಳಿದಾಗ ಹೇಳಬೇಕು, ವಕೀಲರಿಗೆ ಹೇಳಬೇಕು, ಸರ್ಕಾರದ ಸಂದರ್ಶನದಲ್ಲಿ ಇನ್ನೊಮ್ಮೆ ಹೇಳಬೇಕು. ಒಂದು ತಾರೀಕು ಆಚೀಚೆ ಆದರೂ ಅನುಮಾನ. ಹುಟ್ಟಿದ ದಿನ ಗೊತ್ತಿಲ್ಲದವರ ಕಾಗದದಲ್ಲಿ ಎಷ್ಟೋ ಸಲ ಜನವರಿ 1 ಅಂತ ಬರೆದುಬಿಡುತ್ತಾರೆ. ಕೆಲವರ ವಯಸ್ಸನ್ನೇ ನಂಬುವುದಿಲ್ಲ. ಇಷ್ಟರ ಮೇಲೆ ನಾವೂ ಕಲೆಯ ಹೆಸರಿನಲ್ಲಿ ಅದೇ ಗಾಯ ಕೆದಕಿದರೆ ಅದು ಕ್ರೌರ್ಯ ಅಂತಲೇ ನನ್ನ ಅಭಿಪ್ರಾಯ.

ಒಮ್ಮೆ ಎಲ್ಲರಿಗೂ ದೊಡ್ಡ ಹಾಳೆ ಕೊಟ್ಟು 'ನಿನ್ನ ಊರಿನ ನಕ್ಷೆ ಬಿಡಿಸು' ಅಂದೆವು. ಯಾವ ಊರು ಅನ್ನುವುದು ಅವರವರಿಗೇ ಬಿಟ್ಟದ್ದು. ಒಬ್ಬ ಅಫ್ಘನ್ ಹುಡುಗ ತಾನು ಕ್ರಿಕೆಟ್ ಆಡುವ ಪ್ಲಾಟ್ ಫೀಲ್ಡ್ಸ್ ಪಾರ್ಕ್ ಬರೆದ. ವಿಲ್ಮ್ಸ್ಲೋ ರಸ್ತೆಯ ನಾನ್ ಅಂಗಡಿ, ಕಾಲೇಜಿನ ಬಸ್ ಸ್ಟಾಪ್. ಅವೆರಡರ ನಡುವೆ ಅವನ ಅಜ್ಜನ ಅಂಗಳದ ಹಿಪ್ಪುನೇರಳೆ ಮರ. 'ಇದು ಇಲ್ಲೇ ಇರಬೇಕು' ಅಂದ, ಅಷ್ಟೇ. ಆಮೇಲೆ ನನ್ನನ್ನು ನೋಡಿ, 'ಆಂಟೀ, ನೀವು ಬೆಂಗಳೂರಿನವರಲ್ವಾ?' ಅಂತ ಕೇಳಿ, ಮೂಲೆಯಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಸೇರಿಸಿದ. ಆರ್‌ಸಿಬಿ ಆಟಗಾರರ ಹೆಸರೆಲ್ಲ ಅವನಿಗೆ ಬಾಯಿಪಾಠ! ನನಗೆ ಗಂಟಲು ಕಟ್ಟಿತು. ತನ್ನ ಊರಿನಲ್ಲಿ ಆ ಹುಡುಗ ನನಗೂ ಜಾಗ ಕೊಟ್ಟಿದ್ದ.

ದೊಡ್ಡ ಮಟ್ಟದ ಕೆಲಸಗಳೂ ಇಲ್ಲಿ ನಡೆದಿವೆ. 2015ರಲ್ಲಿ ಫ್ರಾನ್ಸಿನ ಕ್ಯಾಲೆಯ ನಿರಾಶ್ರಿತರ ಶಿಬಿರದಲ್ಲಿ ಗುಮ್ಮಟದಂಥ ಡೇರೆ ಹಾಕಿ ರಂಗಮಂದಿರ ಮಾಡಿದ ಗುಡ್ ಚಾನ್ಸ್ ತಂಡವೇ 2021ರಲ್ಲಿ 'ಲಿಟಲ್ ಅಮಲ್' ಎಂಬ ಸಿರಿಯಾದ ಪುಟ್ಟ ಹುಡುಗಿಯ ಬೊಂಬೆಯನ್ನು ನಡೆಸಿಕೊಂಡು ಬಂತು. ಮೂರೂವರೆ ಮೀಟರ್ ಎತ್ತರ. ಟರ್ಕಿಯ ಗಾಜಿಯಾಂಟೆಪ್‌ನಿಂದ ಮ್ಯಾಂಚೆಸ್ಟರ್‌ವರೆಗೆ ಸುಮಾರು 8,000 ಕಿಲೋಮೀಟರ್. ಸಾವಿರಾರು ಜನ ಬೀದಿಗೆ ಬಂದು ಸ್ವಾಗತಿಸಿದರು. ಅದು ಬೇಕಿತ್ತು. ಆದರೆ ಬೊಂಬೆ ಮುಂದಕ್ಕೆ ಹೋದ ಮೇಲೂ ಮಕ್ಕಳು ಇಲ್ಲೇ ಇರುತ್ತಾರೆ. ಅವರಿಗೆ ವಾರವಾರವೂ ತೆರೆದಿರುವ ಒಂದು ಬಾಗಿಲು ಬೇಕು.

ಕಷ್ಟ ಇರುವುದು ಅಲ್ಲೇ. ಇಂಥ ಗುಂಪುಗಳಿಗೆ ಸಿಗುವ ಅನುದಾನ ಕೆಲವೇ ತಿಂಗಳಿನದು. ಆಶ್ರಯದ ತೀರ್ಮಾನಕ್ಕೆ ಮಕ್ಕಳು ಕಾಯುವುದು ಎಷ್ಟೋ ಸಲ ಅದಕ್ಕಿಂತ ಜಾಸ್ತಿ.

ಜೂನ್‌ನ ನಿರಾಶ್ರಿತರ ಸಪ್ತಾಹದಲ್ಲಿ ನಕ್ಷೆಗಳನ್ನು ಪ್ರದರ್ಶನಕ್ಕೆ ಇಟ್ಟೆವು. ಕೆಲವರು ಬೇಡ ಅಂದರು. ಯಾಕೆ ಅಂತ ಕೇಳಲಿಲ್ಲ, ಸುತ್ತಿ ಅವರ ಕೈಗೇ ಕೊಟ್ಟೆವು. ಕ್ರಿಕೆಟ್ ಹುಡುಗ ಮಾತ್ರ ತನ್ನದನ್ನು ಬಾಗಿಲ ಎದುರಿಗೇ ಹಾಕಬೇಕು ಅಂತ ಹಟ ಹಿಡಿದ.