ಒಂದು ಬೀರು, ಎರಡು ಬೀಗದ ಕೈ

ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆಂದು ಇದ್ದದ್ದು ಒಂದೇ ಕೋಣೆ, ಒಂದೇ ಬೀರು. ಬೀಗದ ಕೈ ಮಾತ್ರ ಎರಡು. ಒಂದು ಪಿಸಿಎಂ ಸರ್ ಹತ್ತಿರ, ಇನ್ನೊಂದು ಸಿಬಿಝೆಡ್ ಮೇಡಂ ಹತ್ತಿರ. ಕರ್ನಾಟಕದ ಹೈಸ್ಕೂಲುಗಳಲ್ಲಿ ಓದಿದವರಿಗೆ ಈ ಅಕ್ಷರಗಳನ್ನು ಬಿಡಿಸಿ ಹೇಳಬೇಕಿಲ್ಲ. ಗಣಿತ, ಭೌತಶಾಸ್ತ್ರ ಒಬ್ಬರಿಗೆ, ಜೀವಶಾಸ್ತ್ರ ಇನ್ನೊಬ್ಬರಿಗೆ, ರಸಾಯನಶಾಸ್ತ್ರ ಇಬ್ಬರ ನಡುವೆ. ಟೈಮ್‌ಟೇಬಲ್ಲಿನಲ್ಲಿ ಈ ಗೆರೆ ಕಟ್ಟುನಿಟ್ಟು. ಬೀರುವಿನ ಒಳಗೆ ಆ ಗೆರೆ ಇರಲಿಲ್ಲ. ಮಸೂರಗಳ ಪೆಟ್ಟಿಗೆಯ ಪಕ್ಕದಲ್ಲೇ ಸ್ಲೈಡುಗಳ ಡಬ್ಬಿ, ಅಯೋಡಿನ್ ಬಾಟಲಿಯ ಹಿಂದೆ ಅಮ್ಮೀಟರು. ಪಾಠವೂ ಹಾಗೇ ನಡೆಯುತ್ತಿತ್ತು.

ವಾರ್ಷಿಕೋತ್ಸವ, ಪ್ರವಾಸ, ಕಬಡ್ಡಿ ಪಂದ್ಯದ ನೆನಪುಗಳನ್ನು ಈ ಸಂಚಿಕೆಗೆ ಬೇರೆಯವರು ಬರೆದೇ ಬರೆಯುತ್ತಾರೆ. ಆ ಕೋಣೆಯಲ್ಲಿ ಪ್ರಯೋಗಗಳನ್ನು ಹೇಗೆ ಮಾಡಿಸುತ್ತಿದ್ದರು, ಎಲ್ಲೆಲ್ಲಿ ಕೈಕೊಡುತ್ತಿದ್ದವು, ಏಕೆ ಎಂಬುದಷ್ಟೇ ಇಲ್ಲಿದೆ.

ಮೊದಲು ಎಲೆಯ ಪಿಷ್ಟ ಪರೀಕ್ಷೆ. ಪುಸ್ತಕದಲ್ಲಿ ಅರ್ಧ ಪುಟ, ಮಾಡಲು ನಾಲ್ಕು ದಿನ. ಜೂನ್‌ನಲ್ಲಿ ಶಾಲೆ ಶುರುವಾಗಿ ದ್ಯುತಿಸಂಶ್ಲೇಷಣೆಯ ಪಾಠ ಬರುವ ಹೊತ್ತಿಗೆ ಮಳೆಗಾಲ. ಮೋಡದ ದಿನ ಎಲೆ ಮಾಡುವ ಪಿಷ್ಟ ತೀರ ಕಡಿಮೆ, ಅಯೋಡಿನ್ ಹಾಕಿದರೆ ಬರೀ ಕಂದು. ಹಾಗಾಗಿ ಮೇಡಂ ಪಾಠ ಮುಗಿಸಿ, ಪ್ರಯೋಗವನ್ನು ಬಿಸಿಲು ಬಿಡುವ ತನಕ ಮುಂದೂಡುತ್ತಿದ್ದರು. ಗಿಡದ ಆಯ್ಕೆಯಲ್ಲೂ ಲೆಕ್ಕಾಚಾರವಿತ್ತು. ಕ್ರೋಟನ್ ನೋಡಲು ಚೆಂದ, ಆದರೆ ಎಲೆ ದಪ್ಪ, ಮೇಲೆ ಮೇಣದ ಪದರ, ಹಸಿರು ಬಿಡಲು ಒಂದು ಪೀರಿಯಡ್ ಸಾಲದು. ಕುಂಡದಲ್ಲಿ ಬೆಳೆಸಿದ ಕೋಲಿಯಸ್ ಅಥವಾ ತೆಳು ಎಲೆಯ ಗೌರಿ ಹೂವಿನ ಗಿಡವೇ ಸರಿ. ಈರುಳ್ಳಿ ಎಲೆ ತಂದವರಿಗೆ ನೀಲಿ ಬಣ್ಣ ಎಂದೂ ಸಿಗುವುದಿಲ್ಲ. ಈರುಳ್ಳಿ ತನ್ನ ಎಲೆಯಲ್ಲಿ ಪಿಷ್ಟ ಕೂಡಿಡುವುದಿಲ್ಲ, ಸಕ್ಕರೆಯಾಗಿಯೇ ಇಟ್ಟುಕೊಳ್ಳುತ್ತದೆ.

ಕುಂಡವನ್ನು ಕತ್ತಲೆ ಕೋಣೆಯಲ್ಲಿ 48ರಿಂದ 72 ಗಂಟೆ ಇಡಬೇಕು. ಇಟ್ಟ ಮೇಲೆ ಒಂದು ಎಲೆ ಕಿತ್ತು ಪರೀಕ್ಷಿಸಿ, ಪಿಷ್ಟ ಖಾಲಿಯಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಮುಂದಿನ ಹೆಜ್ಜೆ. ಈ ಒಂದು ಎಲೆಯನ್ನು ಉಳಿಸಲು ಹೋಗಿ ಇಡೀ ಪ್ರಯೋಗ ಕೆಡಿಸಿಕೊಳ್ಳುವವರೇ ಹೆಚ್ಚು. ಆಮೇಲೆ ಇನ್ನೊಂದು ಎಲೆಯ ನಡುವೆ, ಮೇಲೂ ಕೆಳಗೂ ಕಪ್ಪು ಕಾಗದದ ಪಟ್ಟಿ ಇಟ್ಟು ಕ್ಲಿಪ್ ಹಾಕಿ 5-6 ಗಂಟೆ ಬಿಸಿಲಿಗೆ ಇಡುವುದು. ಇಲ್ಲಿ ಮೇಡಂ ಕೇಳುತ್ತಿದ್ದ ಒಂದು ಪ್ರಶ್ನೆ ಪುಸ್ತಕದಲ್ಲಿರಲಿಲ್ಲ: "ಪಟ್ಟಿ ತಡೆದದ್ದು ಬೆಳಕನ್ನೋ, ಗಾಳಿಯನ್ನೋ?" ಬಿಗಿಯಾಗಿ ಕೂತ ಕಾಗದ ಇಂಗಾಲದ ಡೈಆಕ್ಸೈಡನ್ನೂ ತಡೆಯಬಹುದಲ್ಲ! ಅದಕ್ಕೇ ಅದೇ ಗಿಡದ ಮತ್ತೊಂದು ಎಲೆಗೆ ಅಷ್ಟೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ. ಅದರ ಅಡಿ ನೀಲಿಯಾಗಿ, ಕಪ್ಪು ಪಟ್ಟಿಯ ಅಡಿ ಆಗದಿದ್ದರೆ ಮಾತ್ರ ಬೆಳಕಿನ ಮಾತು ಆಡಬಹುದು.

ಎಲೆಯನ್ನು ಕುದಿಯುವ ನೀರಿನಲ್ಲಿ 2 ನಿಮಿಷ ಅದ್ದಿದರೆ ಜೀವಕೋಶಗಳು ಸತ್ತು ಪೊರೆಗಳು ಒಡೆಯುತ್ತವೆ. ಇಲ್ಲದಿದ್ದರೆ ಅಯೋಡಿನ್ ಒಳಗೆ ಇಳಿಯುವುದಿಲ್ಲ. ಮುಂದಿನದು ಅಪಾಯದ ಹೆಜ್ಜೆ. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ, ಅದರ ಆವಿ ಉರಿಗೆ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬೀಕರಿನ ನೀರು ಕುದಿದ ಕೂಡಲೇ ಸ್ಪಿರಿಟ್ ದೀಪ ಆರಿಸಬೇಕು. ದೀಪ ಆರಿದ್ದನ್ನು ಒಬ್ಬ ಜೋರಾಗಿ ಹೇಳಿದ ಮೇಲೆಯೇ ಆಲ್ಕೋಹಾಲ್ ಬಾಟಲಿ ಬೀರುವಿನಿಂದ ಹೊರಬರುತ್ತಿತ್ತು. ಎಲೆ, ಆಲ್ಕೋಹಾಲ್ ಇರುವ ಪ್ರನಾಳವನ್ನು ಆ ಬಿಸಿ ನೀರಿನೊಳಗೆ ನಿಲ್ಲಿಸಿದರೆ ಸಾಕು, ಹತ್ತು ನಿಮಿಷದಲ್ಲಿ ಎಲೆ ಬಿಳುಚಿ ದ್ರವ ಹಸಿರಾಗುತ್ತದೆ. ಹೊರತೆಗೆದ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಬಿಸಿನೀರಿನಲ್ಲಿ ಒಮ್ಮೆ ಅದ್ದಿದರೆ ಮೆತ್ತಗಾಗುತ್ತದೆ.

ಎಲ್ಲ ಸರಿ ಮಾಡಿಯೂ ಬಣ್ಣ ಬಾರದೆ ಪೇಚಾಡುವುದು ಇಲ್ಲೇ. ಬಿಸಿನೀರಿನಿಂದ ತೆಗೆದ ಎಲೆಗೆ ತಕ್ಷಣ ಅಯೋಡಿನ್ ಹನಿಸಿದರೆ ನೀಲಿ ಕಾಣಿಸುವುದಿಲ್ಲ. ಪಿಷ್ಟ-ಅಯೋಡಿನ್ ನೀಲಿ ಬಿಸಿಗೆ ಮಾಯವಾಗುತ್ತದೆ, ಆರಿದಾಗ ಮತ್ತೆ ಬರುತ್ತದೆ. ಎಲೆಯನ್ನು ತಣ್ಣೀರಿನಲ್ಲಿ ತೊಳೆದು, ಬಿಳಿ ತಟ್ಟೆಯ ಮೇಲೆ ಹರಡಿ, ಆಮೇಲೆ ಹನಿಸಬೇಕು. ದ್ರಾವಣ ತೆಳು ಚಹಾದ ಬಣ್ಣದಲ್ಲಿರಬೇಕು. ಗಟ್ಟಿಯಾಗಿದ್ದರೆ ಪಿಷ್ಟವಿಲ್ಲದ ಜಾಗವೂ ಕಪ್ಪಾಗಿ ಕಂಡು ಮೋಸ ಮಾಡುತ್ತದೆ. ಕೋಣೆಯಲ್ಲೇ ತಯಾರಿಸುವಾಗ 2 ಗ್ರಾಂ ಪೊಟಾಸಿಯಂ ಅಯೋಡೈಡನ್ನು ಸ್ವಲ್ಪ ನೀರಿನಲ್ಲಿ ಮೊದಲು ಕರಗಿಸಿ, ಅದರಲ್ಲಿ 1 ಗ್ರಾಂ ಅಯೋಡಿನ್ ಹರಳು ಕರಗಿಸಿ, ಒಟ್ಟು 300 ಮಿ.ಲೀ. ಮಾಡುವುದು ಕ್ರಮ. ಹರಳನ್ನು ನೇರವಾಗಿ ನೀರಿಗೆ ಹಾಕಿದರೆ ಸಂಜೆಯ ತನಕ ಕಲಕುತ್ತಿರಬೇಕಷ್ಟೆ.

ಸೂಕ್ಷ್ಮದರ್ಶಕ ಹೊರಬಂದ ದಿನ ಇಬ್ಬರೂ ಕೋಣೆಯಲ್ಲಿರುತ್ತಿದ್ದರು. ಪತ್ರರಂಧ್ರ ನೋಡಲು ರಿಯೋ ಗಿಡಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಲೆಯ ಅಡಿಭಾಗ ನೇರಳೆ. ಓರೆಯಾಗಿ ಹರಿದರೆ ಅಂಚಿನಲ್ಲಿ ತೆಳು ಪೊರೆ ಏಳುತ್ತದೆ. ನೇರಳೆ ಕೋಶಗಳ ನಡುವೆ ಕಾವಲು ಕೋಶಗಳು ಹಸಿರಾಗಿ ತಾವೇ ಎದ್ದು ಕಾಣುತ್ತವೆ, ಬಣ್ಣ ಹಾಕುವ ಕೆಲಸವಿಲ್ಲ. ಪೊರೆಯನ್ನು ಸ್ಲೈಡಿನ ಮೇಲಿನ ನೀರಿನ ಹನಿಯಲ್ಲಿ ಹರಡಿ, ಕವರ್ ಸ್ಲಿಪ್ಪಿನ ಒಂದಂಚನ್ನು ಊರಿ, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಬೇಕು. ದೊಪ್ಪನೆ ಬಿಟ್ಟರೆ ಗಾಳಿಗುಳ್ಳೆ. "ಮೇಡಂ, ನನಗೆ ದೊಡ್ಡ ಜೀವಕೋಶ ಸಿಕ್ತು" ಎಂದು ಕೂಗುವವರು ಪ್ರತಿ ಬ್ಯಾಚಿನಲ್ಲೂ ಇದ್ದೇ ಇರುತ್ತಾರೆ. ದಪ್ಪ ಕಪ್ಪು ಅಂಚಿನ ದುಂಡನೆಯ ಆ "ಜೀವಕೋಶ" ಗಾಳಿಗುಳ್ಳೆಯೇ. ಅಂಚು ಏಕೆ ಕಪ್ಪು ಎಂಬುದಕ್ಕೆ ಮೇಡಂ ಉತ್ತರ ಕೊಡುತ್ತಿರಲಿಲ್ಲ, "ಸರ್, ಸ್ವಲ್ಪ ಇಲ್ಲಿ ಬನ್ನಿ" ಎನ್ನುತ್ತಿದ್ದರು. ನೀರಿನಿಂದ ಗಾಳಿಗೆ ಹೋಗುವ ಬೆಳಕು ಸುಮಾರು 49 ಡಿಗ್ರಿಗಿಂತ ಓರೆಯಾಗಿ ಬಿದ್ದರೆ ದಾಟುವುದೇ ಇಲ್ಲ, ಪೂರ್ತಿ ಹಿಂದಕ್ಕೆ ಪ್ರತಿಫಲಿಸುತ್ತದೆ. ಗುಳ್ಳೆಯ ಅಂಚಿನಲ್ಲಿ ಆಗುವುದು ಅದೇ, ಆ ಬೆಳಕು ಕಣ್ಣಿಗೆ ಬರುವುದಿಲ್ಲ. ಸಂಪೂರ್ಣ ಆಂತರಿಕ ಪ್ರತಿಫಲನಕ್ಕೆ ವಜ್ರದ ಉದಾಹರಣೆ ಎಲ್ಲ ಪುಸ್ತಕದಲ್ಲೂ ಇದೆ. ಹಳ್ಳಿಯ ಶಾಲೆಗೆ ವಜ್ರ ಎಲ್ಲಿಂದ ತರುವುದು? ಗಾಳಿಗುಳ್ಳೆ ಪುಕ್ಕಟೆ.

ಒಡೆಯುವ ಕವರ್ ಸ್ಲಿಪ್ಪುಗಳ ಲೆಕ್ಕವೂ ಭೌತಶಾಸ್ತ್ರವೇ. 10 ಪಟ್ಟಿನ ಮಸೂರದ ಸಂಗಮದೂರ, ಅಂದರೆ ಮಸೂರದಿಂದ ಕಿರಣಗಳು ಒಂದೆಡೆ ಸೇರುವ ದೂರ, ಸುಮಾರು 16 ಮಿ.ಮೀ., 45 ಪಟ್ಟಿನದು ಸುಮಾರು 4 ಮಿ.ಮೀ. ದೊಡ್ಡದು ಮಾಡಿ ತೋರಿಸುವ ಮಸೂರ ವಸ್ತುವಿಗೆ ಅಷ್ಟೇ ಹತ್ತಿರ ಹೋಗಬೇಕು; ಸ್ಲಿಪ್ಪಿಗೂ ಅದಕ್ಕೂ ನಡುವೆ ಒಂದು ಮಿಲಿಮೀಟರ್ ಕೂಡ ಉಳಿಯುವುದಿಲ್ಲ. ಅಲ್ಲಿ ದೊಡ್ಡ ತಿರುಪು ಮುಟ್ಟಿದರೆ ಚಟ್ ಎನ್ನುತ್ತದೆ. ಹಾಗಾಗಿ ಮೊದಲು ಕಡಿಮೆ ಪಟ್ಟಿನಲ್ಲಿ ಹಿಡಿದು, ನೋಡಬೇಕಾದ್ದನ್ನು ನಟ್ಟನಡುವೆ ತಂದು, ಮಸೂರ ಬದಲಿಸಿದ ಮೇಲೆ ಸಣ್ಣ ತಿರುಪು ಮಾತ್ರ. ಪತ್ರರಂಧ್ರ ಕಂಡ ಮೇಲೆ ಸ್ಲಿಪ್ಪಿನ ಒಂದು ಬದಿಗೆ ಶೇ. 5ರ ಉಪ್ಪುನೀರಿನ ಹನಿ ಇಟ್ಟು, ಇನ್ನೊಂದು ಬದಿಯಿಂದ ಒತ್ತು ಕಾಗದದಲ್ಲಿ ಎಳೆದರೆ, ಕೆಲವೇ ನಿಮಿಷದಲ್ಲಿ ರಂಧ್ರ ಮುಚ್ಚುತ್ತದೆ, ನೇರಳೆ ರಸ ಕೋಶಭಿತ್ತಿಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ. ನೀರು ಪೊರೆ ದಾಟಿ ಉಪ್ಪು ಹೆಚ್ಚಿರುವ ಕಡೆಗೆ ಹೋಗುವ ಈ ಅಭಿಸರಣೆಯ ಚಿತ್ರವನ್ನು ಹತ್ತು ಸಲ ಬರೆಸುವುದಕ್ಕಿಂತ ಇದನ್ನು ಒಂದು ಸಲ ತೋರಿಸುವುದು ಮೇಲು.

ಸರಳ ಲೋಲಕ ಸರ್ ಅವರ ಅಚ್ಚುಮೆಚ್ಚು. ಅದು ಕೆಡುವ ಬಗೆ ತುಂಬ ಸಣ್ಣದು, ಫಲಿತಾಂಶದಲ್ಲಿ ಮಾತ್ರ ದೊಡ್ಡದಾಗಿ ಕಾಣುತ್ತದೆ. ಒಂದು ಮೀಟರ್ ಉದ್ದದ ಲೋಲಕದ ಅವಧಿ ಸುಮಾರು 2 ಸೆಕೆಂಡು, 20 ಆಂದೋಲನಕ್ಕೆ 40 ಸೆಕೆಂಡು. ಹುಡುಗರು ಗುಂಡು ಬಿಟ್ಟ ತಕ್ಷಣ "ಒಂದು" ಎನ್ನುತ್ತಾರೆ. 20 ಎಂದಾಗ ನಿಜವಾಗಿ ಆಗಿರುವುದು 19. ಗಡಿಯಾರ 38 ಸೆಕೆಂಡು ತೋರಿಸುತ್ತದೆ, 20ರಿಂದ ಭಾಗಿಸಿ ಲೆಕ್ಕ ಹಾಕಿದರೆ g, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬದಲು 10.9ರ ಹತ್ತಿರ ಬರುತ್ತದೆ. ರೆಕಾರ್ಡಿನಲ್ಲಿ 10.9 ಕಂಡರೆ ಸರ್ ಗ್ರಾಫು ನೋಡುತ್ತಲೇ ಇರಲಿಲ್ಲ. "ಸೊನ್ನೆಯಿಂದ ಎಣಿಸ್ರೋ!" ಎಂದು ವಾಪಸ್ ಕಳಿಸುತ್ತಿದ್ದರು.

ಉದ್ದವನ್ನು ದಾರ ಕಚ್ಚಿದ ಬಿರಡೆಯ ಅಂಚಿನಿಂದ ಗುಂಡಿನ ನಡುವಿನವರೆಗೆ ಅಳೆಯಬೇಕು. 1 ಸೆಂ.ಮೀ. ತ್ರಿಜ್ಯ ಸೇರಿಸಲು ಮರೆತರೆ ಉತ್ತರ ಶೇ. 1ರಷ್ಟು ಕಡಿಮೆ. ಗುಂಡನ್ನು ತೀರ ದೂರ ಎಳೆದು ಬಿಡುವ ಹಾಗಿಲ್ಲ. 30 ಡಿಗ್ರಿಯಿಂದ ಬಿಟ್ಟರೆ ಅವಧಿಯೇ ಶೇ. 1.7ರಷ್ಟು ಹಿಗ್ಗುತ್ತದೆ. ಎಣಿಸುವ ಗುರುತು ನಡುವಿನಲ್ಲಿರಬೇಕು, ತುದಿಯಲ್ಲಲ್ಲ. ತುದಿಯಲ್ಲಿ ಗುಂಡು ನಿಂತ ಹಾಗೆ ತೂಗುತ್ತದೆ, ಯಾವ ಗಳಿಗೆಯಲ್ಲಿ ತಿರುಗಿತು ಎಂದು ಹೇಳುವುದು ಕಷ್ಟ.

ಇನ್ನು, ಇಪ್ಪತ್ತೇ ಏಕೆ, ಒಂದೇ ಆಂದೋಲನ ಅಳೆದರೆ ಏನಾಗುತ್ತದೆ? ಕೈ ಗುಂಡಿ ಒತ್ತಲು ತಡಮಾಡುವುದು ಸುಮಾರು 0.2 ಸೆಕೆಂಡು. 40ರಲ್ಲಿ ಅದು ಏನೂ ಅಲ್ಲ, 2 ಸೆಕೆಂಡಿನಲ್ಲಿ ಹತ್ತನೇ ಒಂದು ಪಾಲು. ಆ 0.2 ಎಲ್ಲಿಂದ ಬಂತು ಎಂದು ಕೇಳಿದರೆ ಸರ್ ಮೇಡಂ ಕಡೆ ಕೈ ತೋರಿಸುತ್ತಿದ್ದರು. ನರಮಂಡಲದ ಪಾಠದಲ್ಲಿ 30 ಸೆಂ.ಮೀ. ಸ್ಕೇಲು ಬರುತ್ತಿತ್ತು. ಒಬ್ಬರು ಸ್ಕೇಲನ್ನು ನೇತುಹಾಕಿ ಹಿಡಿಯುತ್ತಾರೆ, ಇನ್ನೊಬ್ಬರ ಬೆರಳುಗಳು ಸೊನ್ನೆಯ ಹತ್ತಿರ ಮುಟ್ಟದೆ ಕಾಯುತ್ತವೆ. ಮಾತಾಡದೆ ಬಿಡಬೇಕು. 20 ಸೆಂ.ಮೀ. ಗುರುತಿನಲ್ಲಿ ಹಿಡಿದರೆ, ಎರಡರಷ್ಟು ದೂರವನ್ನು g ಇಂದ ಭಾಗಿಸಿ ವರ್ಗಮೂಲ ತೆಗೆದರೆ, 0.2 ಸೆಕೆಂಡು. ಕಣ್ಣಿನಿಂದ ಮಿದುಳಿಗೆ, ಅಲ್ಲಿಂದ ಬೆರಳಿಗೆ ಸುದ್ದಿ ಹೋಗಿಬರುವ ಹೊತ್ತು ಅದು. ಬಿಡುವಾಗ "ಹಾಂ" ಎಂದರೆ ಅಂಕಿ ಇಳಿಯುತ್ತದೆ, ಕಿವಿಯ ದಾರಿ ಕಣ್ಣಿನ ದಾರಿಗಿಂತ ಚುರುಕು. ಹತ್ತು ರೂಪಾಯಿ ನೋಟಿನ ನಡುವೆ ಬೆರಳಿಟ್ಟು ಕಾದರೆ ನೋಟು ಸಿಗುವುದಿಲ್ಲ. ಉಳಿದ 6-7 ಸೆಂ.ಮೀ. ಜಾರಲು 0.12 ಸೆಕೆಂಡು ಕೂಡ ಬೇಡ.

ಗಾಜಿನ ಇಟ್ಟಿಗೆ, ಓಮ್‌ನ ನಿಯಮ ಎಲ್ಲ ಶಾಲೆಯಲ್ಲೂ ಒಂದೇ ಥರ. ಗುಂಡುಸೂಜಿಗಳ ನಡುವೆ 5 ಸೆಂ.ಮೀ. ಆದರೂ ಇರಲಿ, ತಲೆಯನ್ನಲ್ಲ, ಬುಡವನ್ನು ಸಾಲಿಗೆ ತನ್ನಿ, ಪತನ ಕೋನ 45 ಇದ್ದರೆ ವಕ್ರೀಭವನ ಕೋನ 28ರ ಸುತ್ತ ಬರಲಿ. ನೈಕ್ರೋಮ್ ತಂತಿಯ ತುದಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಓದುವಾಗ ಮಾತ್ರ ಕೀಲಿ ಒತ್ತಿ. ತಂತಿ ಕಾದರೆ ರೋಧವೂ ಬದಲಾಗುತ್ತದೆ. ಓದಿದ ಅಂಕಿ ಚೆನ್ನಾಗಿಲ್ಲವೆಂದು ಪಕ್ಕದವನ ರೆಕಾರ್ಡು ನೋಡಿ ತಿದ್ದುವ ಚಾಳಿ ಆಗಲೂ ಇತ್ತು. ಎಲ್ಲ ಬಿಂದುಗಳೂ ಗೆರೆಯ ಮೇಲೆಯೇ ಕೂತ ಗ್ರಾಫಿಗೆ ಸರ್ ಕಡಿಮೆ ಅಂಕ ಕೊಡುತ್ತಿದ್ದುದು ಸುಮ್ಮನೆ ಅಲ್ಲ.

ಕೊನೆಗೆ ಕಣ್ಣು. ಈ ಪಾಠ ಇರುವುದು ಭೌತಶಾಸ್ತ್ರದ ಭಾಗದಲ್ಲಿ, ಚಿತ್ರ ಮಾತ್ರ ಜೀವಶಾಸ್ತ್ರದ್ದು. ಇಬ್ಬರೂ ಸೇರಿ ಮಾಡುತ್ತಿದ್ದ ಮಾದರಿಗೆ ಬೇಕಾದದ್ದು 250 ಮಿ.ಲೀ.ನ ದುಂಡು ತಳದ ಫ್ಲಾಸ್ಕು. ವ್ಯಾಸ ಸುಮಾರು 8 ಸೆಂ.ಮೀ. ಅದಕ್ಕೆ ಗುಳ್ಳೆಯಿಲ್ಲದಂತೆ ನೀರು ತುಂಬಿ, ಮುಂಬದಿಗೆ 1 ಸೆಂ.ಮೀ. ತೂತಿನ ಕಪ್ಪು ಕಾಗದ ಅಂಟಿಸಬೇಕು. ಅದೇ ಪಾಪೆ. ತೂತಿಲ್ಲದೆ ಇಡೀ ಫ್ಲಾಸ್ಕಿನಿಂದ ಬೆಳಕು ಬಿಟ್ಟರೆ ಅಂಚಿನ ಕಿರಣಗಳು ಬೇರೆಡೆ ಸೇರಿ ಬಿಂಬ ಮಬ್ಬಾಗುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟು, ಐದಾರು ಮೀಟರ್ ದೂರದಲ್ಲಿ ಫ್ಲಾಸ್ಕು ನಿಲ್ಲಿಸಿ, ಹಿಂಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿ. ಇದು ಅಕ್ಷಿಪಟಲ. ಅದರ ಮೇಲೆ ಬರೀ ಮಸುಕು. ಬೇರೆ ಕಾಗದ ಹಿಡಿದು ಹಿಂದೆ ಸರಿಸುತ್ತ ಹೋದರೆ, ಫ್ಲಾಸ್ಕಿನಿಂದ ಸುಮಾರು 4 ಸೆಂ.ಮೀ. ಆಚೆ ತಲೆಕೆಳಗಾದ ಕಿಟಕಿ, ಅದರ ಸರಳುಗಳ ಸಮೇತ ನಿಚ್ಚಳವಾಗಿ ಬೀಳುತ್ತದೆ.

ಹಾಗಾದರೆ ನೀರು ತುಂಬಿದ ದುಂಡು ಚೆಂಡು ಕಣ್ಣಾಗಲಾರದು. ನಮ್ಮ ಕಣ್ಣು ಹೇಗೆ ನಿಭಾಯಿಸುತ್ತದೆ? ಸರ್ ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಿದ್ದರು. ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿ.ಮೀ. ಅದು ಪೂರ್ತಿ ದುಂಡಗಿದ್ದು ಬರೀ ನೀರಿದ್ದಿದ್ದರೆ, ಮುಂಭಾಗದ ಬಾಗು ಕಿರಣಗಳನ್ನು 48 ಮಿ.ಮೀ. ಒಳಗೆ ಸೇರಿಸಬೇಕಿತ್ತು, ಅಂದರೆ ಗುಡ್ಡೆಯ ಎರಡರಷ್ಟು ದೂರ. ಆದರೆ ಕಾರ್ನಿಯಾ ಗುಡ್ಡೆಗಿಂತ ಹೆಚ್ಚು ಉಬ್ಬಿಕೊಂಡಿದೆ, ಅದರ ಬಾಗಿನ ತ್ರಿಜ್ಯ 7.8 ಮಿ.ಮೀ. ಅಷ್ಟರಿಂದಲೇ 48 ಇದ್ದದ್ದು 31ಕ್ಕೆ ಇಳಿಯುತ್ತದೆ. ಉಳಿದ 7 ಮಿ.ಮೀ. ಒಳಗಿನ ಮಸೂರದ ಪಾಲು. ಕಣ್ಣಿನ ಹೆಚ್ಚಿನ ಕೆಲಸ ಮಸೂರದ್ದು ಎಂದು ಬರೆದವರ ಉತ್ತರಪತ್ರಿಕೆಯಲ್ಲಿ ಮೇಡಂ ಕೆಂಪು ಗೆರೆ ಎಳೆಯುತ್ತಿದ್ದದ್ದು ಇದಕ್ಕೇ.

ಈಗ 15 ಸೆಂ.ಮೀ. ಸಂಗಮದೂರದ ಪೀನ ಮಸೂರವನ್ನು ಫ್ಲಾಸ್ಕಿನ ಮುಂದೆ ಸುಮಾರು 3 ಸೆಂ.ಮೀ. ದೂರದಲ್ಲಿ ಹಿಡಿದರೆ ಕಿಟಕಿ ಬಂದು ಎಣ್ಣೆ ಕಾಗದದ ಮೇಲೆಯೇ ಕೂರುತ್ತದೆ. ಬಿಂಬ ಅಕ್ಷಿಪಟಲದ ಹಿಂದೆ ಬೀಳುವ ದೂರದೃಷ್ಟಿ ದೋಷಕ್ಕೆ ಪೀನ ಮಸೂರದ ಕನ್ನಡಕ ಏಕೆ ಎಂಬ ಎರಡು ಅಂಕದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮಸೂರವನ್ನು ಸ್ವಲ್ಪ ಹಿಂದೆ ಮುಂದೆ ಮಾಡಬೇಕಾದೀತು, ಫ್ಲಾಸ್ಕುಗಳು ಎಲ್ಲವೂ ಒಂದೇ ಅಳತೆಯವಲ್ಲ.

ಮುಗಿದ ಕೂಡಲೇ ಫ್ಲಾಸ್ಕಿನ ನೀರು ಚೆಲ್ಲಿ ಕವುಚಿ ಇಡಬೇಕು. ತುಂಬಿದ ಫ್ಲಾಸ್ಕು ಕಿಟಕಿಯ ಬಳಿ ಉಳಿದರೆ, ಮಧ್ಯಾಹ್ನದ ಬಿಸಿಲನ್ನು 4 ಸೆಂ.ಮೀ. ಹಿಂದೆ ಒಂದೇ ಚುಕ್ಕೆಗೆ ತಂದು, ಅಲ್ಲಿರುವ ರೆಕಾರ್ಡ್ ಪುಸ್ತಕವನ್ನು ಕರಕಲು ಮಾಡುತ್ತದೆ. ಬೀರುವಿಗೆ ಬೀಗ ಹಾಕುವ ಮೊದಲು ಇಬ್ಬರಲ್ಲಿ ಯಾರಾದರೊಬ್ಬರು ಕಿಟಕಿಯ ಕಟ್ಟೆಯನ್ನು ಒಮ್ಮೆ ನೋಡಿಯೇ ಹೋಗುತ್ತಿದ್ದರು.