ಕಲಾದಗಿಯಿಂದ ಬಾಗಲಕೋಟೆಯವರೆಗೆ

ನಮ್ಮ ಅಜ್ಜನ ಟ್ರಂಕಿನಲ್ಲಿ ಹೊಲದ ಹಳೆಯ ಉತಾರವೊಂದಿದೆ. ಮಡಿಕೆಯ ಗೆರೆಗುಂಟ ಹರಿದಿರುವ ಆ ಹಾಳೆಯ ಮೇಲೆ 'ವಿಜಾಪುರ ಜಿಲ್ಲಾ, ಬಾಗಲಕೋಟ ತಾಲೂಕ' ಎಂಬ ಬರಹ ಇಂದಿಗೂ ಸ್ಪಷ್ಟವಾಗಿದೆ. ಅದೇ ಹೊಲ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ.

ಪೇಶ್ವೆಯರ ಪತನದ ನಂತರ ಕ್ರಮೇಣ ಬ್ರಿಟಿಷರ ಕೈಸೇರಿದ ಈ ಸೀಮೆಗೆ 1864ರಲ್ಲಿ ಘಟಪ್ರಭೆಯ ದಡದ ಕಲಾದಗಿಯೇ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಆ ಸ್ಥಾನ ವಿಜಾಪುರಕ್ಕೆ ಹೋಯಿತು. ಇಂದು ಚಿಕ್ಕು, ದಾಳಿಂಬೆಗಳಿಂದಲೇ ಗುರುತಿಸಲ್ಪಡುವ ಕಲಾದಗಿಯನ್ನು ಹಾದುಹೋಗುವಾಗಲೆಲ್ಲ, ಒಂದು ಕಾಲಕ್ಕೆ ಕಲೆಕ್ಟರ ಕಚೇರಿ ಇಲ್ಲಿತ್ತೆಂಬುದನ್ನು ಮಕ್ಕಳಿಗೆ ಹೇಳದೆ ನಾನು ಮುಂದೆ ಸಾಗುವುದಿಲ್ಲ.

ಜಮಖಂಡಿ ಮತ್ತು ಮುಧೋಳಗಳ ಕಥೆ ಬೇರೆ. ಸ್ವಂತ ಅರಸರಿದ್ದ ಈ ಎರಡೂ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನಗೊಂಡು, ವಿಜಾಪುರ ಜಿಲ್ಲೆಯ ತಾಲೂಕುಗಳಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇಡೀ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

1997ರಲ್ಲಿ ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ ಎಂಬ ಆರು ತಾಲೂಕುಗಳೊಂದಿಗೆ ಹೊಸ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳು ತಾಲೂಕುಗಳಾದದ್ದು ಬಹಳ ತಡವಾಗಿ. ಸೀರೆ, ಖಣ ನೇಯುವ ಈ ಊರುಗಳಿಗೆ ಆ ಮನ್ನಣೆ ಎಂದೋ ಸಲ್ಲಬೇಕಿತ್ತೆಂಬುದು ನನ್ನ ದೃಢ ಅಭಿಪ್ರಾಯ. ಜಿಲ್ಲಾ ಕೇಂದ್ರವಾದ ಬಾಗಲಕೋಟೆಯ ಹಳೆಯ ಊರಿನ ದೊಡ್ಡ ಭಾಗ ಆಲಮಟ್ಟಿ ಹಿನ್ನೀರಿಗೆ ಮುಳುಗಿದ್ದು, ಜಿಲ್ಲಾಡಳಿತದ ಕಚೇರಿಗಳು ಈಗ ನವನಗರದಲ್ಲಿವೆ.