ಲ್ಯಾನೊ ನದಿಗೆ ನಾನು ಕಟ್ಟಿದ ನೊಣ

ಮಲ್ಲಿಗೆ ಕಟ್ಟುವ ಕೈಗೆ ನೊಣ ಕಟ್ಟುವುದು ಯಾವ ಲೆಕ್ಕ ಎಂದು ಮಗ ನನ್ನ ಪರವಾಗಿ ಜಂಬ ಕೊಚ್ಚಿಬಿಟ್ಟಿದ್ದ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಅವನ ಪಕ್ಕದ ಮನೆಯಲ್ಲಿರುವ ಹಿರಿಯರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಶನಿವಾರ ಲ್ಯಾನೊ ನದಿಗೆ ಮೀನು ಹಿಡಿಯಲು ಹೊರಟಿದ್ದ ಅವರು ನಮ್ಮಿಬ್ಬರನ್ನೂ ಕರೆದರು. ಷರತ್ತು ಒಂದೇ: ಅವರವರ ನೊಣವನ್ನು ಅವರವರೇ ಕಟ್ಟಿಕೊಳ್ಳಬೇಕು.

ತೀರ್ಥಹಳ್ಳಿ ಕಡೆಯವಳಾದ ನನಗೆ ಗಾಳ ಎಂದರೆ ಎರೆಹುಳು. ಇವರದು ಬೇರೆಯೇ ದಾರಿ. ಗಾಳದ ಮೇಲೆ ಪುಕ್ಕ, ನೂಲು, ಫೋಮ್ ಇಟ್ಟು ದಾರದಿಂದ ಬಿಗಿದು, ಅದನ್ನೇ ಹುಳುವೆಂದು ಮೀನನ್ನು ನಂಬಿಸುವುದು. ಅದಕ್ಕೆ ಫ್ಲೈ ಎನ್ನುತ್ತಾರೆ. ನಾನು ಮೊದಲ ದಿನದಿಂದಲೂ ನೊಣ ಎಂದೇ ಕರೆದೆ.

ಶುಕ್ರವಾರ ಸಂಜೆ ಅವರ ಗ್ಯಾರೇಜಿನ ಮೇಜಿನ ಮುಂದೆ ಕುಳಿತೆವು. ಗಾಳವನ್ನು ಕಚ್ಚಿ ಹಿಡಿಯುವ ಪುಟ್ಟ ವೈಸ್, ದರ್ಜಿಯ ನೆನಪು ತರುವ ಬಾಬಿನ್, ಕತ್ತರಿ, ಪುಕ್ಕದ ಪೊಟ್ಟಣಗಳು. ಮೊದಲು ಅವರು ತೋರಿಸಿದ್ದು ವೂಲಿ ಬಗ್ಗರ್ ಎಂಬ ನೊಣ. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಇದನ್ನು ಕಟ್ಟಿದ್ದು ಬಾಸ್ ಮೀನಿಗಾಗಿಯೇ. ಹೊಳೆಯ ಕಲ್ಲಿನಡಿ ಇರುವ ಹೆಲ್‌ಗ್ರಮೈಟ್ ಎಂಬ ಕರಿಯ ಹುಳುವಿನ ಅಣಕ ಅದು. ಬಾಲಕ್ಕೆ ಮರಬು ಎಂಬ ಮೆತ್ತನೆಯ ಪುಕ್ಕ, ಹೆಚ್ಚುಕಡಿಮೆ ಗಾಳದ ದಂಡಿನಷ್ಟೇ ಉದ್ದ. ಮೈಗೆ ಶೆನಿಲ್ ಎಂಬ ಜೂಲುಜೂಲಾದ ನೂಲು. ಅದರ ಮೇಲೆ ಹುಂಜದ ಕತ್ತಿನ ಒಂದು ಗರಿಯನ್ನು ಬಳ್ಳಿಯಂತೆ ಸುತ್ತಿ ತಂದು ತಲೆಯ ಬಳಿ ದಾರ ಕಟ್ಟಿದರೆ ಮುಗಿಯಿತು. ಒಣಗಿದ್ದಾಗ ಬಾಟಲಿ ತೊಳೆಯುವ ಬ್ರಷ್ಷಿನಂತೆ ಕಾಣುವ ಆ ವಸ್ತುವನ್ನು ಅವರು ನೀರಿನ ಲೋಟದಲ್ಲಿ ಅದ್ದಿ ಆಡಿಸಿದರು. ಬಾಲ ಉಸಿರಾಡಿತು. ನಾನು ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡೆ.

ಅವರ ಹಳೆಯ ಪುಸ್ತಕವೊಂದರಲ್ಲಿ ಸಾಮನ್ ಮೀನಿನ ಬಣ್ಣಬಣ್ಣದ ನೊಣಗಳ ಚಿತ್ರಗಳಿದ್ದವು. ಕೆಲವಕ್ಕೆ ಕೆನ್ನೆಯಲ್ಲಿ ಅರಗು ಹಚ್ಚಿದಂತೆ ಹೊಳೆಯುವ ಹಳದಿ ಮಿಶ್ರಿತ ಬಿಳಿ ಚುಕ್ಕಿ. ಯಾವ ಹಕ್ಕಿಯದು ಎಂದು ಕೇಳಿದರೆ, ನಿಮ್ಮ ದೇಶದ್ದೇ ಎಂದು ನಕ್ಕರು. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿ! ಬೆಳಗಿನ ಜಾವ ತೋಟದಾಚೆ ಕೂಗುವ ಹುಂಜದ ಕತ್ತಿನ ಗರಿಗೆ ಬ್ರಿಟಿಷರ ಗಾಳದಲ್ಲಿ ಇಷ್ಟು ಬೆಲೆ ಇತ್ತೆಂಬುದು ನನಗೆ ಗೊತ್ತಿರಲಿಲ್ಲ. ಈಗ ಅದನ್ನು ನಮ್ಮ ದೇಶದಿಂದ ಹೊರಗೆ ಕಳಿಸುವಂತಿಲ್ಲ, ಒಳ್ಳೆಯದೇ ಆಯಿತು.

ನನ್ನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಸುಲಭದ ಫೋಮ್ ಜೇಡ. ಹತ್ತನೆಯ ನಂಬರಿನ ಗಾಳ. ಗಾಳದ ಲೆಕ್ಕ ತಲೆಕೆಳಗು, ನಂಬರು ಏರಿದಷ್ಟೂ ಗಾತ್ರ ಇಳಿಯುತ್ತದೆ. ಬ್ಲೂಗಿಲ್ಲಿನಂಥ ಮೀನಿನ ಬಾಯಿ ಚಿಕ್ಕದು, ದೊಡ್ಡ ಗಾಳ ಹಿಡಿಸುವುದಿಲ್ಲ. ದಂಡಿನ ಮೇಲೆ ದಾರವನ್ನು ಒತ್ತಾಗಿ ಸುತ್ತಬೇಕು, ಇಲ್ಲವಾದರೆ ಮೇಲೆ ಕಟ್ಟಿದ್ದೆಲ್ಲ ಗಿರಗಿರ ತಿರುಗುತ್ತದೆ. ಹವಾಯಿ ಚಪ್ಪಲಿಯ ಅಟ್ಟೆಯಂಥ ಫೋಮಿನ ಪಟ್ಟಿಯೊಂದನ್ನು ಹಿಂದೆ ಕಟ್ಟಿ, ಮುಂದಕ್ಕೆ ಮಡಚಿ, ನಡುವೆ ಸೊಂಟದಂತೆ ಬಿಗಿದು, ಅಲ್ಲೇ ಎರಡೂ ಬದಿಗೆ ರಬ್ಬರ್ ಎಳೆಯ ಕಾಲುಗಳನ್ನು ಸೇರಿಸಬೇಕು. ಕೊನೆಯ ಗಂಟು ಹಾಕುವಾಗ ನನ್ನ ಬೆರಳು ತಾನಾಗಿ ಓಡಿತು. ದಾರವನ್ನು ಬೆರಳಿಗೆ ಸುತ್ತಿ, ಕುಣಿಕೆ ತಿರುಗಿಸಿ, ತೊಟ್ಟಿನ ಮೇಲೆ ಜಾರಿಸಿ ಎಳೆಯುವ ಅದೇ ಮಲ್ಲಿಗೆಯ ಗಂಟು. ಹಿರಿಯರು ಇನ್ನೊಮ್ಮೆ ತೋರಿಸಿ ಎಂದರು. ನಾಲ್ಕು ಸಲ ತೋರಿಸಿದೆ. ಆ ಸಂಜೆ ನನಗಿಂತ ದೊಡ್ಡ ಕುಶಲಕರ್ಮಿ ಟೆಕ್ಸಸ್ಸಿನಲ್ಲಿ ಇರಲಿಲ್ಲ.

ಗಂಟು ಬಂದ ಹೆಮ್ಮೆಯಲ್ಲಿ ಮೊದಲ ನೊಣಕ್ಕೆ ಗಂಟಿನ ಮೇಲೆ ಗಂಟು ಹಾಕಿದೆ. ಎರಡನೆಯದಕ್ಕೆ, ಜೇಡವಲ್ಲವೇ ಎಂದು, ಎಂಟೂ ಕಾಲು ಕೂಡಿಸಿ ಬೆನ್ನಿಗೆ ಕೆಂಪು ಗರಿಯನ್ನೂ ಏರಿಸಿದೆ. ಮೂರನೆಯದನ್ನು ಕಟ್ಟುವಾಗ ಮಗ ಊಟಕ್ಕೆ ಕರೆಯುತ್ತಿದ್ದ. ನಾಲ್ಕೇ ಕಾಲು ಕಟ್ಟಿ ದಾರ ಕತ್ತರಿಸಿ ಎದ್ದೆ.

ಆಸ್ಟಿನ್‌ನಿಂದ ವಾಯವ್ಯಕ್ಕೆ ಲ್ಯಾನೊ ಊರು ಸುಮಾರು 120 ಕಿ.ಮೀ. ಮೇ ತಿಂಗಳು. ದಾರಿಯುದ್ದಕ್ಕೂ ಜಾಲಿಯ ನೆಂಟನಂತಿರುವ ಮೆಸ್ಕೀಟ್ ಮರ, ಬೇಲಿಯಾಚೆ ದನ, ನಡುನಡುವೆ ನೆಲ ಸೀಳಿಕೊಂಡು ಎದ್ದ ಗುಲಾಬಿ ಬಣ್ಣದ ಗ್ರಾನೈಟ್. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ಕ್ಯಾಸ್ಟೆಲ್ ಎಂಬ ಹಳ್ಳಿ. 1847ರಲ್ಲಿ ಜರ್ಮನ್ ವಲಸಿಗರು ನೆಲೆಯೂರಿದ ಜಾಗ, ಈಗ ಬೆರಳೆಣಿಕೆಯಷ್ಟು ಮನೆಗಳು. ದಡದ ಜಮೀನೆಲ್ಲ ಖಾಸಗಿಯದಾದರೂ ಇಂಥ ಅಗಲದ ನದಿಯ ಪಾತ್ರ ಟೆಕ್ಸಸ್ ಕಾನೂನಿನಲ್ಲಿ ಸಾರ್ವಜನಿಕರದು. ಹಾಗಾಗಿ ರಸ್ತೆ ನದಿಯನ್ನು ದಾಟುವಲ್ಲಿ ಇಳಿದು, ನೀರಲ್ಲೇ ನಡೆಯುತ್ತ ಹೋಗಬೇಕು. ಮೀನು ಹಿಡಿಯುವ ಪರವಾನಗಿಯನ್ನು ಮಗ ಮೊದಲೇ ಮಾಡಿಸಿ ತನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. ಗಾಳ ಹಾಕಲು ಸರ್ಕಾರವನ್ನು ಕೇಳಬೇಕೇ ಎಂದು ನನ್ನ ಅಪ್ಪನಾಗಿದ್ದರೆ ಅಲ್ಲಿಂದಲೇ ಹಿಂತಿರುಗುತ್ತಿದ್ದರು.

ನೀರು ತಿಳಿ, ಮೊಣಕಾಲಿನಷ್ಟು. ಬಂಡೆಯ ಮೇಲೆ ಪಾಚಿ ಜಾರುತ್ತಿತ್ತು. ಮಗ ತೋಳು ಹಿಡಿದುಕೊಂಡ. ಹರಿವು ನಿಧಾನವಾಗುವ ಕಡೆ ತಳದ ಜಲ್ಲಿಯಲ್ಲಿ ಊಟದ ತಟ್ಟೆಯಗಲದ ಗುಂಡಿಗಳು ಕಂಡವು. ಸನ್‌ಫಿಷ್ ಜಾತಿಯ ಗಂಡುಗಳು ಬಾಲದಿಂದ ಗುಡಿಸಿ ಮಾಡಿದ ಗೂಡುಗಳಂತೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ಗಂಡಿನದೇ, ಹತ್ತಿರ ಬಂದದ್ದನ್ನೆಲ್ಲ ಅಟ್ಟುತ್ತದೆ. ಇವೇ ಪ್ಯಾನ್‌ಫಿಷ್, ಅಂದರೆ ಬಾಣಲೆಗೆ ಅಳತೆ ಹಿಡಿದಂತಿರುವ ಮೀನು. ಹೆಸರು ಕೇಳಿದಾಗಲೇ ನನಗೆ ಖಾರ ಅರೆಯುವ ಯೋಚನೆ ಬಂದಿತ್ತು. ಹಿರಿಯರು ಮಾತ್ರ ಹಿಡಿದದ್ದನ್ನು ಬಿಡುವವರು. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚುವ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿದ್ದೂ ಅದಕ್ಕೇ.

ನನ್ನ ಮೊದಲ ನೊಣ ನೀರಿಗೇ ಇಳಿಯಲಿಲ್ಲ. ಗಂಟುಗಳೆಲ್ಲ ಗಾಳದ ಕಣ್ಣಿನ ಮೇಲೆ ಏರಿ ಕುಳಿತು, ಮೇಲೆ ಹಚ್ಚಿದ ಅಂಟು ಒಳಗೆ ಗಟ್ಟಿಯಾಗಿ, ಕೂದಲೆಳೆಯಂಥ ನೈಲಾನ್ ಕೂಡ ತೂರಲಿಲ್ಲ. ಕಣ್ಣಿನ ಹಿಂದೆ ಸ್ವಲ್ಪ ಜಾಗ ಬಿಡಿ ಎಂದು ಹಿರಿಯರು ಹಿಂದಿನ ದಿನ ಮೂರು ಸಲ ಹೇಳಿದ್ದರು. ಈಗ ಏನೂ ಹೇಳಲಿಲ್ಲ. ಎಂಟು ಕಾಲಿನ ಸುಂದರಿ ನೀರಿಗೇನೋ ಇಳಿದಳು. ಆದರೆ ಎಸೆದಾಗಲೆಲ್ಲ ಗಾಳಿಯಲ್ಲಿ ಬುಗುರಿಯಂತೆ ತಿರುಗಿ ನೈಲಾನನ್ನು ಹುರಿಗಟ್ಟಿದಳು. ಒಂದು ಮೀನು ಬಂದು, ನೋಡಿ, ಹೋಯಿತು.

ಉಳಿದದ್ದು ಅವಸರದ ಮೂರನೆಯದು. ಫ್ಲೈ ಎಸೆತದಲ್ಲಿ ನೊಣಕ್ಕೆ ತೂಕವಿಲ್ಲ, ದಪ್ಪನೆಯ ಹುರಿಯ ತೂಕವೇ ಅದನ್ನು ಒಯ್ಯುತ್ತದೆ. ನನ್ನ ಹುರಿ ಹತ್ತಡಿ ಹೋಯಿತು, ಅದೂ ಅಡ್ಡಡ್ಡ. ಬಿದ್ದ ಕೂಡಲೇ ಎಳೆಯಬೇಡಿ, ನೀರಿನ ಬಳೆಗಳು ಅಳಿಯುವವರೆಗೆ ಕಾಯಿರಿ ಎಂದರು. ಕಾದೆ. ತುಸು ಅಲುಗಿಸಿದೆ. ರಬ್ಬರ್ ಕಾಲುಗಳು ನಡುಗಿದವು. ಮಗು ಮುತ್ತು ಕೊಟ್ಟಂತೆ ಚಪ್ ಎಂಬ ಸದ್ದು. ಜೇಡ ಇರಲಿಲ್ಲ, ಕೋಲು ಬಾಗಿತ್ತು.

ಅಂಗೈ ಉದ್ದದ ಮೀನು ಆ ಪರಿ ಸುತ್ತು ಹೊಡೆಯುತ್ತದೆಂದು ಯಾರು ಬಲ್ಲರು. ಕೆಂಪು ಹೊಟ್ಟೆ, ಕೆನ್ನೆಯಲ್ಲಿ ನೀಲಿ ಗೀರು: ರೆಡ್‌ಬ್ರೆಸ್ಟ್ ಸನ್‌ಫಿಷ್. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದವಳು ನಾನು. ಆ ಮೀನುಗಳ ಬೆನ್ನು ಬಿಟ್ಟರೆ ಬೇರೇನೂ ನೋಡಿರಲಿಲ್ಲ. ಇದರ ಕಣ್ಣು ನೋಡಿದೆ. ಗಾಳ ಬಿಡಿಸಿದ್ದೇ ಜಾರಿಕೊಂಡಿತು.

ಮಧ್ಯಾಹ್ನದೊಳಗೆ ಅದೇ ನೊಣಕ್ಕೆ ಹನ್ನೊಂದು ಮೀನು. ಒಂದರ ಮೈತುಂಬ ತಿಳಿನೀಲಿ ಚುಕ್ಕಿ, ರಿಯೊ ಗ್ರಾಂಡೆ ಸಿಕ್ಲಿಡ್ ಎಂದರು. ಕೇರಳದವರ ಕರಿಮೀನಿನ ದೂರದ ಬಳಗವಂತೆ, ಅಮೆರಿಕದ ಸಂಯುಕ್ತ ಸಂಸ್ಥಾನದ ಮೂಲನಿವಾಸಿ ಸಿಕ್ಲಿಡ್ ಇದೊಂದೇ. ಮಗ ಹರಿವಿನ ಸೆಳೆತದಲ್ಲಿ ಕ್ಲೌಸರ್ ಮಿನ್ನೋ ಎಸೆಯುತ್ತಿದ್ದ. ಬಾಬ್ ಕ್ಲೌಸರ್ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗಾಗಿ 1980ರ ದಶಕದಲ್ಲಿ ರೂಪಿಸಿದ ನೊಣ: ಜಿಂಕೆ ಬಾಲದ ಒಂದಿಷ್ಟು ಕೂದಲು, ಡಂಬೆಲ್ಲಿನಂಥ ಲೋಹದ ಕಣ್ಣು. ಆ ಕಣ್ಣಿನ ಭಾರಕ್ಕೆ ಗಾಳ ಮಗುಚಿ ಮೊನೆ ಮೇಲಾಗುತ್ತದೆ, ಕಲ್ಲಿಗೆ ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಅವನಿಗೆ ಸಿಕ್ಕಿದ್ದು ಗ್ವಾಡಲೂಪೆ ಬಾಸ್. ಟೆಕ್ಸಸ್ ಬಿಟ್ಟರೆ ಬೇರೆಲ್ಲೂ ಮೂಲದಲ್ಲಿ ಇಲ್ಲದ ಈ ಮೀನು 1989ರಿಂದ ರಾಜ್ಯದ ಮೀನು. ಹೊರಗಿನಿಂದ ತಂದು ಬಿಟ್ಟ ಸ್ಮಾಲ್‌ಮೌತ್ ಬಾಸ್‌ನೊಡನೆ ಕೂಡಿ ತಳಿಯೇ ಬೆರಕೆಯಾಗುತ್ತ ಬಂದಿದ್ದರಿಂದ ಶುದ್ಧ ತಳಿಯ ಮರಿಗಳನ್ನು ಸಾಕಿ ನದಿಗಳಿಗೆ ಬಿಡುವ ಕೆಲಸ ನಡೆದಿದೆ. ಮಗ ಅದನ್ನು ನೀರಿಗೆ ಬಿಟ್ಟ ರೀತಿ ನೋಡಿ, ಚಿಕ್ಕವನಿದ್ದಾಗ ಹಾಲಿನ ಲೋಟವನ್ನೂ ಇಷ್ಟು ಜೋಪಾನವಾಗಿ ಹಿಡಿದದ್ದಿಲ್ಲವಲ್ಲ ಎಂದುಕೊಂಡೆ.

ಹೊರಡುವಾಗ ನನ್ನ ಜೇಡಕ್ಕೆ ಉಳಿದದ್ದು ಎರಡೇ ಕಾಲು. ಕೊನೆಯ ಮೂರು ಮೀನು ಆ ಎರಡು ಕಾಲಿಗೇ ಬಂದಿದ್ದವು. ಹಿರಿಯರು ಅದನ್ನು ಕೇಳಿ ಪಡೆದು ತಮ್ಮ ಟೋಪಿಗೆ ಸಿಕ್ಕಿಸಿಕೊಂಡರು. ಬದಲಿಗೆ ಹತ್ತು ಬರಿಯ ಗಾಳ ಕೊಟ್ಟರು.

ಮನೆಗೆ ಬಂದು ಕೈಕಾಲು ತೊಳೆದು, ಮಗನ ಹಳೆಯ ಹವಾಯಿ ಚಪ್ಪಲಿ ಎಲ್ಲಿದೆ ಎಂದು ಕೇಳಿದೆ. ಹಳೆಯದೇನಲ್ಲ, ಹೋದ ತಿಂಗಳು ತಂದದ್ದು ಎಂದ. ಕತ್ತರಿ ಆಗಲೇ ನನ್ನ ಕೈಯಲ್ಲಿತ್ತು.